ಗಾಳಕ್ಕೆ ಸಿಕ್ಕ ಮೀನು ಗಂಡೋ, ಹೆಣ್ಣೋ?

ಮೃಗಶಿರಾ, ಆರಿದ್ರಾ ಮಳೆಗಳು ಹದವಾಗಿ ಹಿಡಿದು ಹೊಳೆಗೆ ಕೆಂಪು ನೀರು ಬಂದಿತೆಂದರೆ, ಕೆಲಸದ ಬಿಡುವಿನಲ್ಲಿ ಗಾಳ ಹಿಡಿದು ದಂಡೆಗೆ ಹೋಗುವ ರೈತರು ನಮ್ಮಲ್ಲಿ ಅನೇಕರಿದ್ದಾರೆ. ಹರಿಹರದಲ್ಲಿ ತುಂಗಭದ್ರೆ ಇದೆ. ಸೂಳೆಕೆರೆಯಿಂದ ಹರಿದು ಬಂದು ಅಲ್ಲಿಯೇ ಹೊಳೆ ಸೇರುವ ಹರಿದ್ರಾ ಹಳ್ಳವಿದೆ. ದಾವಣಗೆರೆ ಸುತ್ತಿನಲ್ಲಿ ಕೆರೆಗಳೂ ಭದ್ರಾ ನಾಲೆಗಳೂ ಇವೆ. ಆದರೆ ಹೊಸ ನೀರಿನಲ್ಲಿ ಸಿಗುವ ಮೀನು ಬೇಸಿಗೆಯಲ್ಲಿ ಸಿಗುವ ಮೀನಿನಂತಲ್ಲ. ಅದು ತತ್ತಿ ಇಡಲು ಸಿದ್ಧವಾಗಿರುವ ಮೀನು ಆಗಿರಬಹುದು. ಬಿತ್ತನೆಯ ಬೀಜವನ್ನು ಅಡುಗೆಗೆ ಹಾಕುವ ರೈತನಿಲ್ಲ. ಮೀನಿನ ವಿಷಯದಲ್ಲಿ ಮಾತ್ರ ತಿಳಿಯದೆ ಹಾಗೆ ಮಾಡುತ್ತಿದ್ದೇವೆ. ಕೈಗೆ ಬಂದ ಮೀನು ಗಂಡೋ ಹೆಣ್ಣೋ ಎಂದು ತಿಳಿಯುವುದು ಕಷ್ಟದ ಕೆಲಸವೇನಲ್ಲ.

ಗುರುತು ಸಿಗುವ ಕಾಲ

ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಮೂಲತಃ ಉತ್ತರದ ಗಂಗಾ ಬಯಲಿನವು. ಬಿತ್ತನೆ ಮರಿಗಳ ಮೂಲಕ ನಮ್ಮ ಕೆರೆ, ಹೊಳೆಗಳಿಗೆ ಬಂದಿವೆ. ರೋಹು, ಮೃಗಾಲ್ ಸಾಮಾನ್ಯವಾಗಿ ಎರಡನೆಯ ವರ್ಷದಲ್ಲಿ, ಕಾಟ್ಲಾ ಮೂರನೆಯ ವರ್ಷದಲ್ಲಿ ಪ್ರಾಯಕ್ಕೆ ಬರುತ್ತವೆ. ಇವು ವರ್ಷಕ್ಕೊಮ್ಮೆ, ಮುಂಗಾರಿನಲ್ಲಿ, ಹರಿಯುವ ನೀರಿನಲ್ಲಿ ತತ್ತಿ ಇಡುತ್ತವೆ. ಆದ್ದರಿಂದ ಗಂಡು ಹೆಣ್ಣಿನ ಗುರುತು ಸ್ಪಷ್ಟವಾಗಿ ಕಾಣುವುದು ಈ ಕಾಲದಲ್ಲಿಯೇ. ಉಳಿದ ತಿಂಗಳುಗಳಲ್ಲಿ, ಅಥವಾ ಪ್ರಾಯಕ್ಕೆ ಬಾರದ ಮೀನಿನಲ್ಲಿ, ಹೊರಗಿನಿಂದ ನೋಡಿ ಖಚಿತವಾಗಿ ಹೇಳಲಾಗದು. ತಲೆಯ ದಪ್ಪ, ಹುರುಪೆಯ ಬಣ್ಣ ನೋಡಿ ಹೇಳುವ ಮಾತನ್ನು ನಂಬಬೇಕಾಗಿಲ್ಲ.

ಗೆಂಡೆ ಮೀನುಗಳಲ್ಲಿ ನೋಡಬೇಕಾದುದು

1. ಎದೆಯ ರೆಕ್ಕೆ: ಕಿವಿರಿನ ಹಿಂದೆ ಎರಡೂ ಪಕ್ಕದಲ್ಲಿರುವ ಜೋಡಿ ರೆಕ್ಕೆಯ ಒಳಮೈಯನ್ನು, ಅಂದರೆ ಮೀನಿನ ಮೈಗೆ ತಾಗುವ ಬದಿಯನ್ನು, ಬೆರಳಿನಿಂದ ಮೆಲ್ಲಗೆ ಸವರಿ. ಪ್ರಾಯದ ಗಂಡಿನಲ್ಲಿ ಅದು ಮರಳು ಕಾಗದದಂತೆ ಒರಟಾಗಿರುತ್ತದೆ. ಹೆಣ್ಣಿನಲ್ಲಿ ನುಣುಪಾಗಿರುತ್ತದೆ. ಕತ್ತಲಲ್ಲಿಯೂ ತಿಳಿಯಬಹುದಾದ ಗುರುತಿದು.

2. ಹೊಟ್ಟೆ: ತತ್ತಿ ತುಂಬಿದ ಹೆಣ್ಣಿನ ಹೊಟ್ಟೆ ಎರಡೂ ಬದಿಗೆ ಉಬ್ಬಿ, ಮುಟ್ಟಿದರೆ ಮೆತ್ತಗಿರುತ್ತದೆ. ಗಂಡಿನ ಹೊಟ್ಟೆ ಹೆಚ್ಚು ಉಬ್ಬಿರುವುದಿಲ್ಲ, ಬಿಗಿಯಾಗಿರುತ್ತದೆ.

3. ಜನನ ರಂಧ್ರ: ಹೆಣ್ಣಿನಲ್ಲಿ ಉಬ್ಬಿ, ನಸುಗೆಂಪಾಗಿ ಕಾಣುತ್ತದೆ. ಗಂಡಿನಲ್ಲಿ ಉಬ್ಬಿರುವುದಿಲ್ಲ.

4. ಹಾಲು: ಪ್ರಾಯದ ಗಂಡಿನ ಹೊಟ್ಟೆಯನ್ನು ಹಿಂದಕ್ಕೆ ಲಘುವಾಗಿ ಸವರಿದರೆ ಹಾಲಿನಂತಹ ಬಿಳಿಯ ದ್ರವ ಹೊರಬರುತ್ತದೆ. ಇದು ಕಂಡರೆ ಬೇರೆ ಪರೀಕ್ಷೆ ಬೇಡ. ಆದರೆ ಹೆಣ್ಣೆಂಬ ಸಂಶಯ ಬಂದರೆ ಹೊಟ್ಟೆಯನ್ನು ಒತ್ತಲೇಬಾರದು. ತತ್ತಿಚೀಲಕ್ಕೆ ಪೆಟ್ಟಾಗುತ್ತದೆ.

ಹೊಟ್ಟೆಯೊಂದನ್ನೇ ನೋಡಿ ಮೋಸಹೋಗಬಾರದು. ಆಗಷ್ಟೇ ಮೇವು ತಿಂದ ಗಂಡಿನ ಹೊಟ್ಟೆಯೂ ಉಬ್ಬಿರುತ್ತದೆ. ತತ್ತಿಯ ಉಬ್ಬು ರಂಧ್ರದವರೆಗೂ ಮೆತ್ತಗೆ ಹಬ್ಬಿರುತ್ತದೆ. ರೆಕ್ಕೆ, ಹೊಟ್ಟೆ, ರಂಧ್ರ ಮೂರೂ ಒಂದೇ ಮಾತು ಹೇಳಿದರೆ ಮಾತ್ರ ನಿರ್ಧರಿಸಿ.

ಜಿಲೇಬಿ ಮತ್ತು ಮುರಲ್

ಜಿಲೇಬಿ ಮೀನು 1952ರಲ್ಲಿ ಭಾರತಕ್ಕೆ ಬಂದಿತು. ಪ್ರಾಯದ ಗಂಡು ಕಪ್ಪಗಾಗಿ, ಗಂಟಲ ಕೆಳಗೆ ಬೆಳ್ಳಗೆ, ರೆಕ್ಕೆಯ ಅಂಚಿನಲ್ಲಿ ಕೆಂಪಾಗಿ ಕಾಣುತ್ತದೆ. ಹೆಣ್ಣು ಚಿಕ್ಕದು, ಬೂದು ಬಣ್ಣದ್ದು. ಮೀನನ್ನು ಬೆನ್ನಡಿಯಾಗಿ ಹಿಡಿದು ನೋಡಿದರೆ ಗಂಡಿನಲ್ಲಿ ಎರಡು ರಂಧ್ರ, ಹೆಣ್ಣಿನಲ್ಲಿ ಮೂರು ರಂಧ್ರ ಇರುತ್ತವೆ. ಹೆಣ್ಣು ತತ್ತಿ, ಮರಿಗಳನ್ನು ಬಾಯಿಯಲ್ಲಿಟ್ಟು ಕಾಯುತ್ತದೆ. ಈ ಮೀನು ಎರಡು ಮೂರು ತಿಂಗಳಿಗೇ ಪ್ರಾಯಕ್ಕೆ ಬಂದು ಮತ್ತೆ ಮತ್ತೆ ಮರಿ ಮಾಡುವುದರಿಂದ ಹೊಂಡದಲ್ಲಿ ಮೀನು ಕಿಕ್ಕಿರಿದು, ಯಾವುದೂ ದಪ್ಪವಾಗುವುದಿಲ್ಲ. ಆದ್ದರಿಂದ ಸಾಕಣೆಯ ಹೊಂಡದಲ್ಲಿ ಸಿಕ್ಕ ಹೆಣ್ಣು ಜಿಲೇಬಿಯನ್ನು ಹಿಂದಕ್ಕೆ ಬಿಡುವ ಅಗತ್ಯವಿಲ್ಲ.

ಹಾವಿನ ತಲೆಯಂತಹ ತಲೆಯುಳ್ಳ ಮುರಲ್ ಮೀನಿನಲ್ಲಿ ಗಂಡು ಹೆಣ್ಣಿನ ಭೇದ ತಿಳಿಯುವುದು ಕಷ್ಟ. ಅಲ್ಲಿ ಗಮನಿಸಬೇಕಾದುದು ಮರಿಗಳ ಗುಂಪನ್ನು. ಕೆಂಪು ಮರಿಗಳ ಹಿಂಡು ನೀರಿನ ಮೇಲೆ ಕಂಡರೆ, ಕೆಳಗೆ ತಾಯಿ ತಂದೆ ಕಾವಲಿರುತ್ತವೆ ಎಂದು ತಿಳಿಯಿರಿ. ಅಲ್ಲಿ ಗಾಳ ಹಾಕಬೇಡಿ. ಕಾಯುವ ಮೀನು ಹೋದರೆ ಮರಿಗಳು ಬೇರೆ ಮೀನುಗಳಿಗೆ ತುತ್ತಾಗುತ್ತವೆ.

ಬಿಡಬೇಕೋ, ಇಟ್ಟುಕೊಳ್ಳಬೇಕೋ?

ಇದಕ್ಕೆ ಉತ್ತರ ನೀರಿನ ಮೇಲೆ ನಿಂತಿದೆ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ತತ್ತಿ ಇಡುವುದಿಲ್ಲ. ಕೃಷಿ ಹೊಂಡದಲ್ಲಿ ಹೆಣ್ಣು ರೋಹು ಎಷ್ಟೇ ತತ್ತಿ ತುಂಬಿಕೊಂಡಿದ್ದರೂ ತತ್ತಿಯು ಮೈಯಲ್ಲಿಯೇ ಕರಗಿಹೋಗುತ್ತದೆ. ಅಲ್ಲಿ ಬಿಟ್ಟರೂ ಮರಿಯಾಗುವುದಿಲ್ಲ. ತುಂಗಭದ್ರೆಯಲ್ಲಿ, ಹೊಸ ನೀರಿಗೆ ಏರುವ ಹಳ್ಳದ ಬಾಯಲ್ಲಿ, ಕೋಡಿ ಬಿದ್ದ ಕೆರೆಯ ಕೆಳಗೆ ಸಿಕ್ಕ ಹೆಣ್ಣಿನ ಲೆಕ್ಕವೇ ಬೇರೆ. ಒಂದು ಕಿಲೋ ತೂಕದ ರೋಹು ಹೆಣ್ಣಿನಲ್ಲಿ ಒಂದು ಲಕ್ಷಕ್ಕೂ ಮೀರಿ ತತ್ತಿಗಳಿರುತ್ತವೆ. ಅವುಗಳಲ್ಲಿ ಬಹುಪಾಲು ನಾಶವಾದರೂ ಉಳಿದವು ಮುಂದಿನ ವರ್ಷಗಳ ಮೀನು. ಇಂತಹ ಹೆಣ್ಣನ್ನು ಬಿಟ್ಟುಬಿಡಿ. ಊಟಕ್ಕೆ ಗಂಡು ಮೀನನ್ನು ಇಟ್ಟುಕೊಳ್ಳಬಹುದು.

ಸಾಮಾನ್ಯ ಗೆಂಡೆ ಕೆರೆಯಲ್ಲಿಯೇ ಮರಿ ಮಾಡುತ್ತದೆ. ಅದರ ತತ್ತಿ ಅಂಟುಳ್ಳದ್ದು, ನೀರಿನೊಳಗಿನ ಜೊಂಡು, ಪಾಚಿಗೆ ಅಂಟಿಕೊಳ್ಳುತ್ತದೆ. ಮಳೆಗಾಲವಲ್ಲದೆ ಜನವರಿಯಿಂದ ಮಾರ್ಚ್‌ವರೆಗೂ ತತ್ತಿ ಇಡುವುದರಿಂದ, ಆ ತಿಂಗಳುಗಳಲ್ಲಿಯೂ ಹೆಣ್ಣನ್ನು ಗುರುತಿಸಿ ಬಿಡುವುದು ಒಳಿತು.

ಬಿಡುವ ರೀತಿ

ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈ ಮೀನಿನ ಮೈಯ ಲೋಳೆಯನ್ನು ಕೀಳುತ್ತದೆ. ಆಗ ರೋಗ ತಗಲುವುದು ಸುಲಭ. ಕಿವಿರಿನೊಳಗೆ ಬೆರಳು ಹಾಕಬೇಡಿ. ದಂಡೆಯ ಕಲ್ಲಿನ ಮೇಲೆ ಹೊರಳಾಡಲು ಬಿಡದೆ, ನೀರಿನಲ್ಲಿಯೇ ಒಂದು ಕೈಯಿಂದ ಹೊಟ್ಟೆಗೆ ಆಸರೆ ಕೊಟ್ಟು ಪರೀಕ್ಷಿಸಿ. ಗಾಳ ಆಳಕ್ಕೆ ಹೋಗಿದ್ದರೆ ಎಳೆಯದೆ ದಾರ ಕತ್ತರಿಸಿ. ಮೀನನ್ನು ನೀರಿಗೆ ಎಸೆಯಬೇಡಿ. ತಾನೇ ಬಾಲ ಬೀಸಿ ಹೋಗುವವರೆಗೆ ಹಿಡಿದಿರಿ.

ಕೆರೆ, ಹೊಳೆಯಲ್ಲಿ ಗಾಳ ಹಾಕುವ ಮುನ್ನ ಮೀನು ಹಿಡಿಯುವ ನಿಷೇಧದ ಅವಧಿ ಮತ್ತು ಗುತ್ತಿಗೆಯ ವಿಷಯವನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿಯಬೇಕು.

ಈ ಜ್ಞಾನ ಗಾಳಕ್ಕೆ ಮಾತ್ರ ಸೀಮಿತವಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿಯವರು ಗೆಂಡೆ ಮೀನಿಗೆ ಪಿಟ್ಯುಟರಿ ಗ್ರಂಥಿಯ ಚುಚ್ಚುಮದ್ದು ಕೊಟ್ಟು ಹೊಂಡದಲ್ಲಿಯೇ ಮರಿ ಮಾಡಿಸಿದರು. ಇಂದಿಗೂ ಮರಿ ಉತ್ಪಾದನೆಯ ಕೇಂದ್ರಗಳಲ್ಲಿ ಒಂದು ಹೆಣ್ಣಿಗೆ ಎರಡು ಗಂಡಿನಂತೆ ತಳಿಮೀನು ಆರಿಸುವಾಗ ಇದೇ ಗುರುತುಗಳನ್ನು ನೋಡುತ್ತಾರೆ. ನಾವು ತರುವ ಮರಿಯ ಮೂಲವೂ ಹೀಗೆ ಆರಿಸಿದ ಹೆಣ್ಣೇ. ಹೊಳೆಯ ಮೀನಿಗೆ ಅಂತಹ ಕೇಂದ್ರವಿಲ್ಲ. ನಮ್ಮ ಕೈಯಿಂದ ನೀರಿಗೆ ಮರಳಿದ ಹೆಣ್ಣೇ ಅದಕ್ಕೆ ಬೀಜ.