ಕೊಂಡವರ ಹೆಸರು, ಕೇಳುವವರ ಹೆಸರು

ಕಾಳಿದಾಸನ ಶಾಕುಂತಲದ ಆರನೆಯ ಅಂಕದ ಮೊದಲಿಗೆ ಒಂದು ಪುಟ್ಟ ಪ್ರವೇಶಕ ಬರುತ್ತದೆ. ತರಗತಿಯಲ್ಲಿ ಅದನ್ನು ಓದುವಾಗಲೆಲ್ಲ ವಿದ್ಯಾರ್ಥಿಗಳು ನಗುತ್ತಾರೆ. ಬೆಸ್ತನೊಬ್ಬನ ಕೈಗಳನ್ನು ಹಿಂದಕ್ಕೆ ಕಟ್ಟಿ ಕಾವಲುಗಾರರು ಎಳೆದು ತರುತ್ತಿದ್ದಾರೆ. ರಾಜನ ಹೆಸರನ್ನು ಕೆತ್ತಿದ ಉಂಗುರವನ್ನು ಅವನು ಮಾರಲು ಹೊರಟಿದ್ದ. ಅದೇ ಅವನ ಅಪರಾಧ. ಮೀನಿನ ಹೊಟ್ಟೆಯಲ್ಲಿ ಸಿಕ್ಕಿತೆಂದರೆ ನಂಬುವವರಾರು? ಹಿಂದಿನ ಅಂಕದಲ್ಲಿ ಇದೇ ಉಂಗುರ ಬೆರಳಲ್ಲಿಲ್ಲದ ಕಾರಣ ಶಕುಂತಲೆ ದುಷ್ಯಂತನ ಸಭೆಯಲ್ಲಿ ಪರಕೀಯಳಾಗಿ ನಿಂತಿದ್ದಳು. ಹಕ್ಕಿದ್ದವಳ ಬಳಿ ಗುರುತಿಲ್ಲ, ಗುರುತಿದ್ದವನಿಗೆ ಹಕ್ಕಿಲ್ಲ. ಅವಳು ಸುಳ್ಳುಗಾತಿಯೆನಿಸಿದಳು, ಇವನು ಕಳ್ಳನೆನಿಸಿದ. ವಾಸ್ತವದಲ್ಲಿ ಇಬ್ಬರೂ ಸತ್ಯವನ್ನೇ ನುಡಿದಿದ್ದರು.

ಈಚಿನ ವರ್ಷಗಳಲ್ಲಿ ದೊಡ್ಡ ಸಂಗೀತ ಕಾರ್ಯಕ್ರಮಗಳ ಬಾಗಿಲಲ್ಲಿ ಈ ಪ್ರಸಂಗ ಮತ್ತೆ ಮತ್ತೆ ನಡೆಯುತ್ತಿದೆ. ಟಿಕೆಟ್ಟಿದ್ದರೆ ಸಾಲದು, ಅದರ ಮೇಲಿನ ಹೆಸರೂ ಕೈಯಲ್ಲಿರುವ ಗುರುತಿನ ಚೀಟಿಯ ಹೆಸರೂ ಒಂದೇ ಆಗಿರಬೇಕು. ಮಗ ಕೊಂಡು ತಾಯಿಗೆ ಕಳುಹಿಸಿದ ಟಿಕೆಟ್ಟು, ಗೆಳತಿ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೊಟ್ಟ ಟಿಕೆಟ್ಟು, ಕಾಯಿಲೆ ಬಿದ್ದ ಅಣ್ಣ ತಮ್ಮನಿಗೆ ಬಿಟ್ಟುಕೊಟ್ಟ ಟಿಕೆಟ್ಟು — ಇವೆಲ್ಲವೂ ಸಂಶಯಕ್ಕೆ ಗುರಿಯಾಗುತ್ತವೆ. ಇದೆಲ್ಲ ದ್ವಾರಪಾಲಕರ ದರ್ಪವೆಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ನಿಯಮ ಏಕೆ ಹುಟ್ಟಿತೆಂಬುದನ್ನು ವಿಚಾರಿಸದೆ ಅದನ್ನು ನಿಂದಿಸುವುದು ನ್ಯಾಯವಲ್ಲ.

ರೋಗ ಹಳೆಯದು. 1867ರ ಕೊನೆಯಲ್ಲಿ ಚಾರ್ಲ್ಸ್ ಡಿಕೆನ್ಸ್ ತನ್ನ ಕೃತಿಗಳನ್ನು ಸಭೆಯಲ್ಲಿ ತಾನೇ ಓದಿ ಹೇಳಲು ಅಮೆರಿಕಕ್ಕೆ ಹೋದ. ಟಿಕೆಟ್ಟಿನ ಬೆಲೆ 2 ಡಾಲರು. ಮಾರಾಟದ ಹಿಂದಿನ ರಾತ್ರಿಯೇ ದಲ್ಲಾಳಿಗಳ ಆಳುಗಳು ಹುಲ್ಲಿನ ಹಾಸಿಗೆ, ಕಂಬಳಿ, ರೊಟ್ಟಿ, ಮದ್ಯದ ಸೀಸೆಗಳೊಡನೆ ಬೀದಿಯಲ್ಲಿ ಸಾಲಾಗಿ ಮಲಗಿಬಿಡುತ್ತಿದ್ದರು. ಬ್ರೂಕ್ಲಿನ್ನಿನ ಚಳಿಯಲ್ಲಿ ಅವರು ಬೀದಿಯ ನಡುವೆ ಬೆಂಕಿಯನ್ನೂ ಹಾಕಿಕೊಂಡದ್ದುಂಟು. ವ್ಯವಸ್ಥಾಪಕ ಜಾರ್ಜ್ ಡಾಲ್ಬಿ ಒಬ್ಬರಿಗೆ ಇಷ್ಟೇ ಟಿಕೆಟ್ಟು ಎಂದು ಮಿತಿ ಹಾಕಿದರೆ, ದಲ್ಲಾಳಿಗಳು ಇನ್ನಷ್ಟು ಆಳುಗಳನ್ನು ಸಾಲಿನಲ್ಲಿ ನಿಲ್ಲಿಸಿದರು. ಸಾಹಿತ್ಯಪ್ರಿಯನಿಗೆ ಉಳಿದದ್ದು ಎರಡೇ ದಾರಿ: ಹಲವು ಪಾಲು ಹೆಚ್ಚು ಹಣ ತೆರುವುದು, ಇಲ್ಲವೆ ಮನೆಗೆ ಹೋಗುವುದು.

ನಮ್ಮ ಚಿತ್ರಮಂದಿರಗಳ ಮುಂದೆ ‘ಬ್ಲ್ಯಾಕಿ’ನಲ್ಲಿ ಟಿಕೆಟ್ಟು ಮಾರುತ್ತಿದ್ದವರನ್ನು ಕಂಡವರಿಗೆ ಈ ಚಿತ್ರ ಅಪರಿಚಿತವಲ್ಲ. ಕಾಲ ಬದಲಾಯಿತು, ಸಾಲು ಬೀದಿಯಿಂದ ಅಂತರ್ಜಾಲಕ್ಕೆ ಸರಿಯಿತು. ಕೂಲಿಯಾಳುಗಳ ಜಾಗಕ್ಕೆ ಯಂತ್ರಗಳು ಬಂದವು. ಮನುಷ್ಯನೊಬ್ಬ ತನ್ನ ಹೆಸರನ್ನು ಬೆರಳಚ್ಚಿಸುವುದರೊಳಗೆ ಗಣಕದ ಕ್ರಮವಿಧಿಯೊಂದು ನೂರಾರು ಆಸನಗಳನ್ನು ಬಾಚಿಕೊಳ್ಳಬಲ್ಲದು. ಇಂಥ ಕ್ರಮವಿಧಿಗಳ ವಿರುದ್ಧ ಅಮೆರಿಕ 2016ರಲ್ಲಿ ಶಾಸನ ಮಾಡಿತು, ಬ್ರಿಟನ್ 2018ರಲ್ಲಿ ಅವನ್ನು ನಿಷೇಧಿಸಿತು. ಆದರೂ ಬಾಚಿಕೊಂಡದ್ದನ್ನು ಮಾರುವ ಮಾರ್ಗವಿರುವವರೆಗೆ ಬಾಚುವ ಕೈ ಸುಮ್ಮನಿರದು. ಆದ್ದರಿಂದ ವ್ಯವಸ್ಥಾಪಕರು ಕೊನೆಯ ಅಸ್ತ್ರವನ್ನು ತೆಗೆದರು: ಟಿಕೆಟ್ಟಿಗೆ ಹೆಸರು ಕಟ್ಟಿದರು.

ಇಲ್ಲಿಯವರೆಗೆ ನನಗೆ ತಕರಾರಿಲ್ಲ. ಆದರೆ ಯಾರ ಹೆಸರು? ಅದು ಕೊಂಡವರದೋ, ಕೇಳುವವರದೋ? ಇವೆರಡು ಒಂದೇ ಎಂದು ಭಾವಿಸಿದ್ದರಿಂದಲೇ ಅನೇಕ ಅನರ್ಥಗಳು ಆಗಿವೆಯೆಂದು ನನಗೆ ತೋರುತ್ತದೆ.

ಕೊಂಡವರ ಹೆಸರನ್ನು ಹಿಡಿದ ನಿಯಮಕ್ಕೆ ಪ್ರಸಿದ್ಧವಾದ ಉದಾಹರಣೆ ಗಾಯಕ ಎಡ್ ಶೀರನ್ 2018ರಲ್ಲಿ ಬ್ರಿಟನ್ನಿನ ಕ್ರೀಡಾಂಗಣಗಳಲ್ಲಿ ನಡೆಸಿದ ಕಾರ್ಯಕ್ರಮಗಳು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಹಾಡಲು ನಿಂತಾಗ ಪೊಲೀಸರು ತಡೆದರಲ್ಲ, ಅದೇ ಗಾಯಕ. 2018ರ ಆ ಕಾರ್ಯಕ್ರಮಗಳಿಗೆ ಬಂದವರು ಟಿಕೆಟ್ಟಿನ ಜೊತೆಗೆ ಕೊಂಡದ್ದರ ದೃಢೀಕರಣ ಪತ್ರ, ಹಣ ಕೊಟ್ಟ ಬ್ಯಾಂಕ್ ಕಾರ್ಡು, ಭಾವಚಿತ್ರವಿರುವ ಗುರುತಿನ ಚೀಟಿ, ಇಷ್ಟನ್ನೂ ತೋರಿಸಬೇಕಾಗಿತ್ತು. ಮರುಮಾರಾಟಕ್ಕೆ ಹೋಗಿದ್ದ ಹತ್ತು ಸಾವಿರಕ್ಕೂ ಮೇಲ್ಪಟ್ಟು ಟಿಕೆಟ್ಟುಗಳು ರದ್ದಾದವು. ದಲ್ಲಾಳಿಗಳ ಬೆನ್ನು ಮುರಿಯಿತು, ನಿಜ. ಆದರೆ ಕಾರ್ಡು ಯಾರದೋ ಅವರು ಬಾಗಿಲಿಗೆ ಬರಲೇಬೇಕೆಂದ ಮೇಲೆ, ಕೊಂಡುಕೊಟ್ಟು ತಾನು ಮನೆಯಲ್ಲಿರುವ ದಾನಿಗೆ ಆ ವ್ಯವಸ್ಥೆಯಲ್ಲಿ ಎಡೆಯೆಲ್ಲಿ?

ನಮ್ಮಲ್ಲಿಯೂ ಇದರ ನೆರಳು ಬಿದ್ದಿದೆ. ನನ್ನ ಸಹೋದ್ಯೋಗಿಯೊಬ್ಬರ ತಾಯಿ ಎಪ್ಪತ್ತು ದಾಟಿದವರು. ಹರೆಯದಿಂದ ಕೇಳುತ್ತ ಬಂದ ಗಾಯಕಿಯೊಬ್ಬರ ಕಾರ್ಯಕ್ರಮಕ್ಕೆ ದೂರದೂರಿನಲ್ಲಿರುವ ಕಿರಿಯ ಮಗ ಟಿಕೆಟ್ಟು ಕೊಂಡು ಕಳುಹಿಸಿದ್ದ. ಬಾಗಿಲಲ್ಲಿ ಆಕೆ ತಮ್ಮ ಆಧಾರ್ ಕಾರ್ಡನ್ನು ಚಾಚಿದರು. ಅಲ್ಲಿದ್ದ ಹುಡುಗ ಮಗನ ಕಾರ್ಡನ್ನು ಕೇಳಿದ. ಮೊಬೈಲಿನಲ್ಲಿ ಮಗನನ್ನು ಹಿಡಿದು, ಅವನ ಮುಖ ತೋರಿಸಿ, ಕಾರ್ಡಿನ ಪ್ರತಿ ತರಿಸಿ ಒಳಗೆ ಹೋಗುವುದರೊಳಗೆ ಮೂರು ಹಾಡು ಮುಗಿದಿದ್ದವಂತೆ. “ಹಾಡು ಕೇಳೋಕೆ ಬಂದೋಳು ನಾನು, ನನ್ನ ಹೆಸರು ಹೇಳಿದ್ದೀನಿ. ಅವನ ಹೆಸರು ಯಾಕಪ್ಪಾ ಬೇಕು?” ಎಂದು ಆಕೆ ಕೇಳಿದ ಪ್ರಶ್ನೆಗೆ ಆ ಹುಡುಗನ ಬಳಿ ಉತ್ತರವಿರಲಿಲ್ಲ. ಹುಡುಗನದೇನೂ ತಪ್ಪಿಲ್ಲ, ಅವನಿಗೆ ನಿಯಮವನ್ನು ಕೊಟ್ಟಿದ್ದರು, ಅದರ ಅರ್ಥವನ್ನು ಕೊಟ್ಟಿರಲಿಲ್ಲ.

ಆಕೆಯ ಪ್ರಶ್ನೆಗೆ ಇಂಗ್ಲೆಂಡಿನ ಒಂದು ಹೊಲದಲ್ಲಿ ಉತ್ತರ ದೊರೆಯುತ್ತದೆ. ಸಾಮರ್‌ಸೆಟ್ ಪ್ರಾಂತದ ಗ್ಲ್ಯಾಸ್ಟನ್‌ಬರಿ ಉತ್ಸವ 1970ರಲ್ಲಿ ಮೈಕೆಲ್ ಈವಿಸ್ ಎಂಬ ಹೈನುಗಾರನ ಹೊಲದಲ್ಲಿ ಆರಂಭವಾದದ್ದು. ಅಂದು ಪ್ರವೇಶಕ್ಕೆ 1 ಪೌಂಡು. ಜೊತೆಗೆ ಅವನ ಕೊಟ್ಟಿಗೆಯ ಹಾಲು ಉಚಿತ. ಮುಂದೆ ಜನಸಾಗರವೇ ಹರಿದುಬಂದು ಟಿಕೆಟ್ಟಿನ ವ್ಯಾಪಾರ ಹೆಚ್ಚಿದಾಗ, 2007ರಿಂದ ಅಲ್ಲಿ ಭಾವಚಿತ್ರದೊಡನೆ ಮೊದಲೇ ನೋಂದಾಯಿಸಿಕೊಳ್ಳುವ ಪದ್ಧತಿ ಬಂತು. ಟಿಕೆಟ್ಟಿನ ಮೇಲೆ ಅವರವರ ಚಿತ್ರವೇ ಅಚ್ಚಾಗುತ್ತದೆ. ಅದನ್ನು ಬೇರೊಬ್ಬರಿಗೆ ವರ್ಗಾಯಿಸುವಂತಿಲ್ಲ. ಕೇಳಲು ಕಠೋರವಾಗಿದೆ. ಆದರೂ ಒಬ್ಬರು ತಮ್ಮ ಬಳಗದ ಹಲವರಿಗಾಗಿ ಅಲ್ಲಿ ಟಿಕೆಟ್ಟು ಕೊಳ್ಳಬಹುದು. ಕೊಳ್ಳುವಾಗ ಪ್ರತಿಯೊಬ್ಬರ ನೋಂದಣಿ ಸಂಖ್ಯೆಯನ್ನು ಕೊಟ್ಟರಾಯಿತು. ಹಣ ಯಾರದೆಂಬುದು ಗೌಣ, ಬರುವವರು ಯಾರೆಂಬುದು ಮುಖ್ಯ.

ಚೀನಾ ಈ ತತ್ವವನ್ನು ಸರಕಾರದ ಆಜ್ಞೆಯಾಗಿಸಿತು. 2023ರ ಸೆಪ್ಟೆಂಬರಿನಲ್ಲಿ ಹೊರಟ ಸೂಚನೆಯಂತೆ 5,000ಕ್ಕೂ ಹೆಚ್ಚು ಪ್ರೇಕ್ಷಕರಿರುವ ಕಾರ್ಯಕ್ರಮಗಳಲ್ಲಿ ಒಂದು ಗುರುತಿನ ಚೀಟಿಗೆ ಒಂದೇ ಟಿಕೆಟ್ಟು. ಕೊಳ್ಳುವಾಗ ಕೊಟ್ಟ ಗುರುತೇ ಬಾಗಿಲಲ್ಲಿಯೂ ಇರಬೇಕು. ಒಟ್ಟು ಟಿಕೆಟ್ಟುಗಳಲ್ಲಿ ಶೇಕಡಾ 85ಕ್ಕೆ ಕಡಿಮೆಯಿಲ್ಲದಂತೆ ಸಾರ್ವಜನಿಕರಿಗೆ ಮಾರಬೇಕು. ಉಳಿದ ಪಾಲು ಅತಿಥಿಗಳಿಗೋ ಸಂಸ್ಥೆಗಳಿಗೋ ಹೋದರೂ ಕಾರ್ಯಕ್ರಮಕ್ಕೆ 24 ಗಂಟೆ ಮೊದಲು ಅವಕ್ಕೂ ಹೆಸರು ಬೀಳಬೇಕು. ಹಿಂದಿರುಗಿಸುವ ಟಿಕೆಟ್ಟಿಗೆ ಹಂತಹಂತವಾಗಿ ಹಣ ವಾಪಸು ಕೊಡುವ ಏರ್ಪಾಡನ್ನೂ ವ್ಯವಸ್ಥಾಪಕರು ಮಾಡಬೇಕೆಂದು ಅದೇ ಸೂಚನೆ ವಿಧಿಸುತ್ತದೆ.

ಇಷ್ಟಾದರೂ ಒಂದು ತೊಡಕು ಉಳಿಯಿತು. ಕೇಳಬೇಕಾದವರೇ ಜ್ವರ ಬಂದು ಮಲಗಿದರೆ? ಟಿಕೆಟ್ಟನ್ನು ಹಿಂದಿರುಗಿಸಿ ಹಣ ಪಡೆಯಬಹುದೇನೋ. ಆದರೆ ಮನಸ್ಸು ಕೇಳುವುದು ಹಣವನ್ನಲ್ಲ. ನಾನು ಹೋಗದಿದ್ದರೂ ತಂಗಿಯಾದರೂ ಕೇಳಲಿ ಎಂಬ ಆಸೆಗೆ ನಿಯಮದಲ್ಲಿ ಸ್ಥಾನವಿರಬೇಡವೆ?

ಇದಕ್ಕೆ ಪರಿಹಾರವನ್ನು ಅರಸಿ ಪರದೇಶಕ್ಕೆ ಹೋಗಬೇಕಾಗಿಲ್ಲ. ನಮ್ಮ ರೈಲ್ವೆ ನಿಲ್ದಾಣಕ್ಕೆ ಹೋದರೆ ಸಾಕು. ಕಾದಿರಿಸಿದ ರೈಲು ಟಿಕೆಟ್ಟನ್ನು ಯಾರು ಯಾರಿಗಾಗಿಯಾದರೂ ಕೊಳ್ಳಬಹುದು. ಅದರಲ್ಲಿ ಇರಬೇಕಾದದ್ದು ಪ್ರಯಾಣಿಕರ ಹೆಸರು. ಅದನ್ನು ಪರರಿಗೆ ಮಾರಿಕೊಳ್ಳುವುದು 1989ರ ರೈಲ್ವೆ ಕಾಯಿದೆಯಲ್ಲಿ ಅಪರಾಧ. ಆದರೆ ರೈಲು ಹೊರಡುವುದಕ್ಕೆ 24 ಗಂಟೆ ಮೊದಲು ಬರೆದುಕೊಟ್ಟರೆ ತಂದೆ, ತಾಯಿ, ಸೋದರ, ಸೋದರಿ, ಮಗ, ಮಗಳು, ಗಂಡ, ಹೆಂಡತಿ — ಇವರಲ್ಲೊಬ್ಬರ ಹೆಸರಿಗೆ ಅದನ್ನು ಬದಲಾಯಿಸಿಕೊಳ್ಳಬಹುದು. ಪ್ರವಾಸ ಹೊರಟ ವಿದ್ಯಾರ್ಥಿ ತಂಡದಲ್ಲಿ ಒಬ್ಬ ಹಿಂದುಳಿದರೆ, ವಿದ್ಯಾಸಂಸ್ಥೆಯ ಮುಖ್ಯಸ್ಥರು 48 ಗಂಟೆ ಮೊದಲು ಬರೆದು ಮತ್ತೊಬ್ಬನನ್ನು ಸೇರಿಸಬಹುದು. ಮದುವೆಯ ದಿಬ್ಬಣಕ್ಕೂ ಇಂಥದೇ ಸೌಕರ್ಯ ಉಂಟು. ಮನೆಯೆಂದರೇನು, ಬಳಗವೆಂದರೇನು ಎಂಬುದನ್ನು ಆ ಒಣ ನಿಯಮಾವಳಿಯನ್ನು ಬರೆದವರಾರೋ ಬಲ್ಲವರಾಗಿದ್ದರು.

ಜಪಾನಿನ ಶಾಸನ ಈ ವಿವೇಕವನ್ನು ಸಂಗೀತದ ಬಾಗಿಲಿಗೆ ತಂದಿದೆ. 2019ರ ಜೂನ್ 14ರಂದು ಜಾರಿಗೆ ಬಂದ ಆ ಕಾನೂನು ಶಿಕ್ಷಿಸುವುದು ವ್ಯವಸ್ಥಾಪಕರ ಒಪ್ಪಿಗೆಯಿಲ್ಲದೆ, ವೃತ್ತಿಯೆಂಬಂತೆ, ಮೂಲ ಬೆಲೆಗಿಂತ ಹೆಚ್ಚಿಗೆ ಮಾರುವವರನ್ನು. ಅವರಿಗೆ ಒಂದು ವರ್ಷದವರೆಗೆ ಸೆರೆ, 10 ಲಕ್ಷ ಯೆನ್‌ವರೆಗೆ ದಂಡ, ಅಥವಾ ಎರಡೂ ಆಗಬಹುದು. ಗೆಳೆಯನಿಗೆ ಕೊಟ್ಟವನು ಆ ಶಿಕ್ಷೆಯ ಬಲೆಗೆ ಬೀಳುವುದಿಲ್ಲ. ಅಷ್ಟೇ ಅಲ್ಲ, ಬರಲಾರದವರು ನ್ಯಾಯವಾದ ಬೆಲೆಗೆ ತಮ್ಮ ಟಿಕೆಟ್ಟನ್ನು ಬೇರೊಬ್ಬರಿಗೆ ದಾಟಿಸುವ ಅವಕಾಶವನ್ನು ಕಲ್ಪಿಸಲು ಯತ್ನಿಸಬೇಕೆಂದು ವ್ಯವಸ್ಥಾಪಕರಿಗೇ ಅದು ಹೊಣೆ ಹೊರಿಸುತ್ತದೆ. ಫ್ರಾನ್ಸಿನ 2012ರ ಕಾನೂನೂ ಹೀಗೆಯೇ ಒಂದು ಪದದ ಮೇಲೆ ನಿಂತಿದೆ: ಅಪ್ಪಣೆಯಿಲ್ಲದೆ ‘ವಾಡಿಕೆಯಾಗಿ’ ಮಾರುವವನಿಗೆ 15,000 ಯೂರೋ ದಂಡ. ವೃತ್ತಿ, ವಾಡಿಕೆ — ಕಾನೂನಿನಲ್ಲಿ ಇಂಥ ಒಂದು ಪದ ಇದ್ದಾಗ ಉಡುಗೊರೆ ಉಳಿಯುತ್ತದೆ, ಇಲ್ಲದಾಗ ದಲ್ಲಾಳಿಯೊಡನೆ ತಾಯಿಯೂ ಬಾಗಿಲ ಹೊರಗೆ ನಿಲ್ಲುತ್ತಾಳೆ. ಭಾಷೆಯನ್ನು ಕಲಿಸುವ ನನ್ನಂಥವನಿಗೆ ಇದು ಸಣ್ಣ ಮಾತಾಗಿ ಕಾಣುವುದಿಲ್ಲ.

ಈ ವಿಷಯ ಹಣವಂತರ ವಿನೋದಕ್ಕೆ ಸೇರಿದ್ದಲ್ಲವೆ, ನಮಗೇಕೆ ಎಂದು ಕೆಲವರು ಕೇಳಬಹುದು. ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವದಂಥ ಕಚೇರಿಗಳನ್ನು ಚಪ್ಪರದ ಹೊರಗೆ ನಿಂತು ಕೇಳಿ ಬೆಳೆದ ನಾಡು ನಮ್ಮದು. ಕಿವಿಯೊಂದೇ ಅಲ್ಲಿ ಟಿಕೆಟ್ಟು. ಆದರೆ ಕಾಲ ಅತ್ತ ಸಾಗುತ್ತಿಲ್ಲ. ಟಿಕೆಟ್ಟು ಮೊಬೈಲಿನಲ್ಲಿ ಮಾತ್ರ ದೊರೆಯತೊಡಗಿದಂತೆ, ಮೊಬೈಲಿನ ಜಾಣ್ಮೆಯಿಲ್ಲದವರು ಎಲ್ಲದಕ್ಕೂ ಇನ್ನೊಬ್ಬರನ್ನು ಆಶ್ರಯಿಸಬೇಕಾಗಿದೆ. ವೃದ್ಧರಿಗೆ, ಹಳ್ಳಿಯಿಂದ ಬರುವವರಿಗೆ, ಸ್ವಂತ ಬ್ಯಾಂಕ್ ಕಾರ್ಡಿಲ್ಲದ ವಿದ್ಯಾರ್ಥಿಗಳಿಗೆ ಬೇರೊಬ್ಬರು ಕೊಂಡುಕೊಡುವ ಟಿಕೆಟ್ಟೇ ಏಕೈಕ ಟಿಕೆಟ್ಟು. ಕೊಂಡವರ ಹೆಸರನ್ನು ಕೇಳುವ ನಿಯಮ ಮೊದಲು ಹೊರಗಿಡುವುದು ಇವರನ್ನೇ. ದಲ್ಲಾಳಿ ಹೇಗೋ ಇನ್ನೊಂದು ದಾರಿ ಹುಡುಕಿಕೊಂಡಾನು. ಇವರು ಮನೆಗೆ ಹಿಂದಿರುಗುತ್ತಾರೆ.

ಆದುದರಿಂದ ಕಲಾಸಂಸ್ಥೆಗಳನ್ನು ನಡೆಸುವವರಲ್ಲಿ ನನ್ನ ವಿಜ್ಞಾಪನೆ ಮೂರು ಮಾತಿನದು. ಹೆಸರು ಬೇಕೇಬೇಕಾದರೆ ಆಸನದಲ್ಲಿ ಕೂರುವವರ ಹೆಸರನ್ನು ಕೇಳಿ. ಹಣ ಕೊಟ್ಟವರ ಹೆಸರು ನಿಮ್ಮ ಲೆಕ್ಕದ ಪುಸ್ತಕದಲ್ಲಿರಲಿ. ಆ ಹೆಸರನ್ನು ಮೂಲ ಬೆಲೆಯಲ್ಲಿಯೇ ಬದಲಾಯಿಸಿಕೊಳ್ಳಲು ಕಾರ್ಯಕ್ರಮದ ಹಿಂದಿನ ದಿನದವರೆಗಾದರೂ ಅವಕಾಶ ಕೊಡಿ. ಮತ್ತು ಈ ನಿಯಮವನ್ನು ಟಿಕೆಟ್ಟು ಕೊಳ್ಳುವಾಗಲೇ, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿಯೂ ತಿಳಿಸಿ. ಬಾಗಿಲಲ್ಲಿ ಮೊದಲ ಬಾರಿಗೆ ಕೇಳಿಸುವ ನಿಯಮ ಕೇಳುವವರ ಪಾಲಿಗೆ ಶಾಪವೇ ಸರಿ. ಇಷ್ಟು ಮಾಡಿದರೆ ದಲ್ಲಾಳಿಗೆ ಲಾಭ ಉಳಿಯುವುದಿಲ್ಲ, ಕೊಂಡು ಕಳುಹಿಸಿದ ಮಗನಿಗೂ ತಾಯಿ ಮೊದಲ ಹಾಡಿನಿಂದಲೇ ಕೇಳಿದಳೆಂಬ ನೆಮ್ಮದಿ ಇರುತ್ತದೆ.