ಉತಾರ ಎಲ್ಲರ ಕೈಗೆ ಬಂದ ಮೇಲೆ: ಜಮೀನು ದಲಾಲಿಯ ನಂಬಿಕೆಗಳು ಮತ್ತು ನಿಜಸ್ಥಿತಿ

ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಹಿಪ್ಪರಗಿ ಬ್ಯಾರೇಜಿನ ಆಸುಪಾಸಿನ ಜಮಖಂಡಿ ಮತ್ತು ರಬಕವಿ-ಬನಹಟ್ಟಿ, ಘಟಪ್ರಭೆಯ ದಂಡೆಯ ಮುಧೋಳ, ಆಲಮಟ್ಟಿಯ ಹಿನ್ನೀರಿಗೆ ತಾಗಿದ ಬೀಳಗಿ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಜಮೀನಿನ ಕೊಡುಕೊಳ್ಳುವಿಕೆ ಬಹುಕಾಲ ದಲಾಲರ, ಅಂದರೆ ಮಾರುವವರಿಗೂ ಕೊಳ್ಳುವವರಿಗೂ ನಡುವೆ ನಿಂತು ಶೇಕಡಾವಾರು ದಲಾಲಿ ಪಡೆಯುವವರ, ಬಾಯಿಮಾತಿನ ಮೇಲೆ ನಡೆದಿದೆ. ಯಾವ ಕಬ್ಬಿನ ಹೊಲ ಮಾರಾಟಕ್ಕಿದೆ, ಯಾವ ಮನೆತನಕ್ಕೆ ಮದುವೆಗೋ ಸಾಲ ತೀರಿಸಲೋ ಹಣ ಬೇಕಾಗಿದೆ, ಉತಾರದಲ್ಲಿ, ಅಂದರೆ ಸರ್ವೆ ನಂಬರು, ಕ್ಷೇತ್ರ, ಹಕ್ಕುದಾರರ ಹೆಸರು ಮತ್ತು ಬೋಜಾ (ಸಾಲದ ಹೊರೆ) ತೋರಿಸುವ ಪಹಣಿಯಲ್ಲಿ, ಯಾರ ಹೆಸರಿದೆ ಎಂಬುದು ದಲಾಲನಿಗೆ ಗೊತ್ತಿದ್ದು ಉಳಿದವರಿಗೆ ಗೊತ್ತಿಲ್ಲದಿದ್ದುದೇ ಆ ಕಸುಬಿನ ಬಂಡವಾಳವಾಗಿತ್ತು. ಕಳೆದ ಎರಡೂವರೆ ದಶಕಗಳಲ್ಲಿ ಆ ಬಂಡವಾಳ ಕರಗಿದೆಯಾದರೂ ಅದರ ಸುತ್ತ ಬೆಳೆದ ನಂಬಿಕೆಗಳು ಉಳಿದುಕೊಂಡಿವೆ, ಮತ್ತು ಕಸುಬು ಬದಲಾಗಬೇಕಾದರೆ ಮೊದಲು ಬದಲಾಗಬೇಕಾದವು ಅವೇ.

ಮೊಬೈಲಿನಲ್ಲಿಯೇ ಉತಾರ ಸಿಗುವಾಗ ದಲಾಲರ ಕಾಲ ಮುಗಿಯಿತು ಎಂಬುದು ಈಗ ಹೆಚ್ಚು ಕೇಳಿಬರುವ ಮಾತು. ಇದರಲ್ಲಿ ಅರ್ಧ ಮಾತ್ರ ನಿಜವಿದೆ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ತಂದಾಗ ದಾಖಲೆಯ ಮೇಲಿನ ಗುಟ್ಟು ಒಡೆಯಿತು. 2023ರಲ್ಲಿ ಬಂದ ‘ಕಾವೇರಿ 2.0’ ತಂತ್ರಾಂಶದಲ್ಲಿ ದಸ್ತಾವೇಜನ್ನು ಮನೆಯಿಂದಲೇ ಸಲ್ಲಿಸಿ, ಶುಲ್ಕ ತುಂಬಿ, ಸಮಯ ಗೊತ್ತುಮಾಡಿಕೊಳ್ಳುವ ಅವಕಾಶ ದೊರೆಯಿತು. 2024ರ ಸೆಪ್ಟೆಂಬರಿನಿಂದ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದಾದ ಕಾರಣ ಮುಧೋಳದ ಹೊಲದ ಖರೀದಿ ಪತ್ರ ಜಮಖಂಡಿಯಲ್ಲಿಯೂ ಬಾಗಲಕೋಟೆಯಲ್ಲಿಯೂ ನೋಂದಣಿಯಾಗಬಲ್ಲದು. ಕಚೇರಿಯಲ್ಲಿ ಪರಿಚಯವಿದೆ ಎಂಬ ಒಂದೇ ಬಲದ ಮೇಲೆ ಬದುಕಿದ ದಲಾಲನಿಗೆ ಇನ್ನು ಕೆಲಸವಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ದಾಖಲೆ ಕೈಗೆ ಸಿಗುವುದು ಬೇರೆ, ಅದನ್ನು ಓದಿ ಅದರ ಹಿಂದಿನ ಹಕ್ಕನ್ನು ಅರಿಯುವುದು ಬೇರೆ, ಮತ್ತು ಈ ಎರಡನೆಯ ಕೆಲಸ ಯಾವ ತಂತ್ರಾಂಶದಿಂದಲೂ ಮುಗಿದಿಲ್ಲ.

ಇಲ್ಲಿಯೇ ಎಲ್ಲಕ್ಕಿಂತ ಹಳೆಯದೂ ಹಾನಿಕರವೂ ಆದ ನಂಬಿಕೆ ಎದುರಾಗುತ್ತದೆ: ಉತಾರದಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು, ಅವರ ಸಹಿ ಬಿದ್ದರೆ ವ್ಯವಹಾರ ಮುಗಿಯಿತು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 133ನೆಯ ಕಲಮಿನ ಪ್ರಕಾರ ಹಕ್ಕುದಾಖಲೆಯ ನಮೂದನ್ನು ಬೇರೆ ರೀತಿ ಸಾಬೀತಾಗುವವರೆಗೆ ನಿಜವೆಂದು ಊಹಿಸಲಾಗುತ್ತದೆಯೇ ಹೊರತು ಆ ನಮೂದಿನಿಂದ ಒಡೆತನ ಹುಟ್ಟುವುದಿಲ್ಲ. ಕಂದಾಯ ಯಾರಿಂದ ಬರಬೇಕೆಂದು ತಿಳಿಯುವುದಕ್ಕಾಗಿ ಬೆಳೆದುಬಂದ ದಾಖಲೆ ಅದು. ಈ ಭಾಗದಲ್ಲಿ ತಂದೆ ತೀರಿಕೊಂಡ ಮೇಲೆ ಆಗುವ ವಾರಸಾದಲ್ಲಿ, ಅಂದರೆ ಉತ್ತರಾಧಿಕಾರದ ಹಕ್ಕು ಬದಲಾವಣೆಯಲ್ಲಿ, ಗಂಡುಮಕ್ಕಳ ಹೆಸರು ಮಾತ್ರ ಏರಿಸಿ, ವಾಟ್ನಿಯನ್ನು, ಅಂದರೆ ಪಾಲುಪಟ್ಟಿಯನ್ನು, ಬಾಯಿಮಾತಿನಲ್ಲಿಯೇ ಮುಗಿಸುವ ರೂಢಿ ಹಳೆಯದು. ಅಂತಹ ಉತಾರವನ್ನು ನಂಬಿ ಪಿತ್ರಾರ್ಜಿತ ಹೊಲವನ್ನು ಕೊಂಡವರ ಮೇಲೆ ವರ್ಷಗಳ ನಂತರ ಮಾರಿದವರ ಅಕ್ಕತಂಗಿಯರು ಪಾಲಿನ ದಾವೆ ಹೂಡಿದರೆ ಅದನ್ನು ಅತ್ಯಾಶೆಯೆಂದು ಜರೆಯುವುದು ದಲಾಲರಲ್ಲಿ ಸಾಮಾನ್ಯ. ಅದು ಅತ್ಯಾಶೆಯಲ್ಲ, ಹಕ್ಕು. ಮೊದಲೇ ಮದುವೆಯಾದವರನ್ನು ಬಿಟ್ಟು ಉಳಿದ ಹೆಣ್ಣುಮಕ್ಕಳಿಗೆ ಅವಿಭಕ್ತ ಆಸ್ತಿಯಲ್ಲಿ ಸಮಪಾಲನ್ನು ಕರ್ನಾಟಕವು 1994ರಲ್ಲಿಯೇ ಕೊಟ್ಟಿತ್ತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ ತಿದ್ದುಪಡಿ ಆ ಮದುವೆಯ ಷರತ್ತನ್ನೂ ತೆಗೆಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದೂ 2005ರಲ್ಲಿ ತಂದೆ ಬದುಕಿರಬೇಕಾದ ಅಗತ್ಯವಿಲ್ಲವೆಂದೂ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮಬದ್ಧವಾಗಿ ಆದ ಮಾರಾಟ ಮತ್ತು ಪಾಲುಗಳಿಗೆ ಇದರಿಂದ ಧಕ್ಕೆಯಿಲ್ಲ. ಕುಟುಂಬದ ಅಗತ್ಯಕ್ಕಾಗಿ ಯಜಮಾನನು ಮಾರಬಹುದೆಂಬ ಹಳೆಯ ಸೂತ್ರ ಈಗಲೂ ಇದೆಯಾದರೂ, ಆ ಅಗತ್ಯವಿತ್ತೆಂದು ತೋರಿಸುವ ಹೊರೆ ಕೊಂಡವನ ಮೇಲೆಯೇ ಬೀಳುತ್ತದೆ. ಆದುದರಿಂದ ಮನೆತನದ ವಂಶಾವಳಿಯನ್ನು ಪಡೆದು, ಮದುವೆಯಾಗಿ ಬೇರೆ ಊರು ಸೇರಿದ ಹೆಣ್ಣುಮಕ್ಕಳನ್ನೂ ಕಂಡು, ಅವರ ಪಾಲಿನ ಹಣವನ್ನು ಅವರಿಗೆ ಸಲ್ಲಿಸಿ ಸಹಿ ಪಡೆಯುವಂತೆ ಮಾಡುವುದೇ ಇಂದಿನ ದಲಾಲನ ಮೊದಲ ಕೆಲಸ. ಊರುಕೇರಿಯ ಸಂಬಂಧಗಳನ್ನು ಬಲ್ಲವನಿಗೆ ಇದು ದೊಡ್ಡ ಮಾತಲ್ಲ, ಹಾಗೂ ಹೊರಗಿನ ಯಾವ ಕಂಪನಿಯೂ ಇದನ್ನು ಅವನಷ್ಟು ಚೆನ್ನಾಗಿ ಮಾಡಲಾರದು.

ಸಂಚಕಾರ ಪತ್ರವಾದರೆ, ಅಂದರೆ ಇಸಾರದ ಹಣ ಕೊಟ್ಟು ಮುಂದೆ ಖರೀದಿ ಮಾಡಿಕೊಳ್ಳುವುದಾಗಿ ಬರೆದುಕೊಂಡ ಕರಾರಾದರೆ, ಜಮೀನು ತನ್ನದಾಯಿತು ಎಂಬುದು ಇನ್ನೊಂದು ತಪ್ಪು ಗ್ರಹಿಕೆ. ಆಸ್ತಿ ವರ್ಗಾವಣೆ ಕಾಯ್ದೆ 1882ರ 54ನೆಯ ಕಲಮು ಇಂತಹ ಕರಾರಿನಿಂದಷ್ಟೇ ಆಸ್ತಿಯಲ್ಲಿ ಯಾವ ಹಿತಾಸಕ್ತಿಯೂ ಹುಟ್ಟುವುದಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಮುಖತ್ಯಾರ ಪತ್ರ ಬರೆಸಿಕೊಂಡು ಮಾರಾಟವನ್ನೇ ಮುಗಿಸಿದೆವೆನ್ನುವವರಿಗೂ 2011ರಲ್ಲಿ ಸುಪ್ರೀಂ ಕೋರ್ಟ್ ಇದೇ ಉತ್ತರ ಕೊಟ್ಟಿದೆ.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ರದ್ದಾದ ಮೇಲೆ ಯಾರು ಬೇಕಾದರೂ ಯಾವ ಜಮೀನನ್ನಾದರೂ ಕೊಳ್ಳಬಹುದೆಂಬ ಪ್ರಚಾರವೂ ನಡೆಯಿತು. ಆ ಕಲಮುಗಳು ತಡೆದದ್ದು ಕೃಷಿಕರಲ್ಲದವರನ್ನು ಮತ್ತು ನಿಗದಿತ ಮಿತಿಗಿಂತ ಹೆಚ್ಚು ಕೃಷಿಯೇತರ ಆದಾಯವುಳ್ಳವರನ್ನು. ಅವು ಹೋದುದರಿಂದ ಕೊಳ್ಳುವವರ ಅರ್ಹತೆ ವಿಸ್ತಾರವಾಯಿತೇ ಹೊರತು ಜಮೀನಿಗೆ ಅಂಟಿದ ನಿರ್ಬಂಧಗಳು ಹೋಗಲಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಪೂರ್ವಾನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆಯಂತೆ ಆ ವರ್ಗಾವಣೆಯೇ ಶೂನ್ಯ, ಮತ್ತು 2023ರ ತಿದ್ದುಪಡಿಯ ನಂತರ ಅದನ್ನು ಮರಳಿ ಕೇಳಲು ಕಾಲಮಿತಿಯೂ ಇಲ್ಲ. ಇದನ್ನು ಅಡ್ಡಿಯೆಂದು ಕಾಣುವ ದಲಾಲನಿಗೆ ಆ ಜಮೀನು ಯಾರ ಬದುಕಿಗೆ ಆಸರೆಯಾಗಲೆಂದು ಕೊಟ್ಟದ್ದೆಂಬುದು ಅರ್ಥವಾಗಿಲ್ಲ.

ಪಟ್ಟಣಗಳ ಅಂಚಿನಲ್ಲಿ ಹೊಲಗಳನ್ನು ಗುಂಟೆಗಳಾಗಿ ಸೀಳಿ, ಬಾಂಡ್ ಕಾಗದದ ಮೇಲೆ ಬರೆದು ಮಾರುವ ದಂಧೆಯ ಹಿಂದೆ, ರೇರಾ ಎಂದು ಕರೆಯುವ 2016ರ ಸ್ಥಿರಾಸ್ತಿ ನಿಯಂತ್ರಣ ಕಾಯ್ದೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಮಾತ್ರ ಎಂಬ ಗ್ರಹಿಕೆಯಿದೆ. ವಾಸ್ತವದಲ್ಲಿ ಯೋಜನಾ ಪ್ರದೇಶದೊಳಗೆ 500 ಚದರ ಮೀಟರಿಗಿಂತ, ಅಂದರೆ ಐದು ಗುಂಟೆಗೂ ತುಸು ಕಡಿಮೆಯಾದ ಜಾಗಕ್ಕಿಂತ, ದೊಡ್ಡದಾದ ನಿವೇಶನ ಬಡಾವಣೆಯೂ ನೋಂದಣಿಯಾಗಬೇಕು. ಅದರ ನಿವೇಶನಗಳನ್ನು ಮಾರಿಸಿಕೊಡುವ ಏಜೆಂಟನೂ ಪ್ರತ್ಯೇಕವಾಗಿ ನೋಂದಣಿ ಮಾಡಿಸಿಕೊಳ್ಳಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ, ನಿವೇಶನದ ಬೆಲೆಯ ಶೇ. 5ರವರೆಗೆ ದಂಡವಿದೆ. ಹೊಲವನ್ನು ಹೊಲವಾಗಿಯೇ ಮಾರಿಸುವ ದಲಾಲನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಬಿನ್‌ಶೇತ್ಕಿ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ, ಆಗಿದೆಯೆಂದ ಮಾತ್ರಕ್ಕೆ ಬಡಾವಣೆಯ ನಕ್ಷೆಗೆ ಮಂಜೂರಾತಿ ದೊರೆತಂತಲ್ಲ ಎಂಬುದನ್ನು ಅವನೂ ಅರಿತಿರಬೇಕು.

ಮುಳುಗಡೆಯ ವಿಷಯದಲ್ಲಿ ಹಬ್ಬಿರುವ ನಂಬಿಕೆ ಇನ್ನೂ ಗಂಭೀರವಾದುದು. ಆಲಮಟ್ಟಿ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಮೂರನೆಯ ಹಂತಕ್ಕಾಗಿ, ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ಮತ್ತು ಖುಷ್ಕಿ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಲು 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ರೈತನಿಂದ ಈಗ ಅಗ್ಗಕ್ಕೆ ಕೊಂಡು ನಾಳೆ ಪರಿಹಾರ ಪಡೆಯಬಹುದೆಂದು ಹೇಳುವ ದಲಾಲರು 2013ರ ಭೂಸ್ವಾಧೀನ ಕಾಯ್ದೆಯ 11ನೆಯ ಕಲಮನ್ನು ಮರೆಮಾಚುತ್ತಾರೆ: ಪ್ರಾಥಮಿಕ ಅಧಿಸೂಚನೆ ಹೊರಬಿದ್ದ ಜಮೀನಿನಲ್ಲಿ ಜಿಲ್ಲಾಧಿಕಾರಿಯ ವಿನಾಯಿತಿಯಿಲ್ಲದೆ ಯಾವ ವ್ಯವಹಾರವನ್ನೂ ಮಾಡುವಂತಿಲ್ಲ, ಮತ್ತು ಬೇಕೆಂದೇ ಮೀರಿದವನ ನಷ್ಟವನ್ನು ಸರ್ಕಾರ ತುಂಬಿಕೊಡುವುದಿಲ್ಲ. ಅಧಿಸೂಚನೆಗೆ ಮುಂಚಿನ ಖರೀದಿ ಕಾನೂನುಬದ್ಧವಾಗಿದ್ದರೂ, ಊರನ್ನೇ ಕಳೆದುಕೊಳ್ಳಲಿರುವ ಕುಟುಂಬಕ್ಕೆ ಪರಿಹಾರದ ಮೊತ್ತವನ್ನು ತಿಳಿಸದೆ ಸಹಿ ಮಾಡಿಸಿಕೊಳ್ಳುವುದು ಮೋಸವೇ.

ದಲಾಲನು ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲವೆಂಬ ನಂಬಿಕೆಗೂ ಆಧಾರವಿಲ್ಲ. ಮಾರುವವನ ಪರವಾಗಿ ನಿಂತವನು ಅವನಿಗೆ ತಿಳಿಸದೆ ತಾನೇ ಬೇರೆ ಹೆಸರಿನಲ್ಲಿ ಕೊಂಡರೆ, ಭಾರತೀಯ ಕರಾರು ಕಾಯ್ದೆ 1872ರ 215ನೆಯ ಕಲಮಿನಂತೆ ಆ ವ್ಯವಹಾರವನ್ನು ತಳ್ಳಿಹಾಕುವ ಅವಕಾಶ ಮಾರಿದವನಿಗಿದೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್ 1ರಿಂದ ನಿಷೇಧಿಸಿದ್ದು, ಎರಡೂ ಕಡೆಯವರು ಕೃಷಿ ಆದಾಯವುಳ್ಳವರಾಗಿದ್ದು ಇಬ್ಬರಿಗೂ ತೆರಿಗೆಗೆ ಒಳಪಡುವ ಆದಾಯವಿಲ್ಲದಿದ್ದರೆ ಮಾತ್ರ ಇದಕ್ಕೆ ವಿನಾಯಿತಿಯುಂಟು. ಪಡೆದ ಮೊತ್ತದಷ್ಟೇ ದಂಡ ಬೀಳುವುದು ಹಣ ಪಡೆದ ರೈತನ ಮೇಲೆ, ನಗದಿಗೆ ಒತ್ತಾಯಿಸಿದ ದಲಾಲನ ಮೇಲಲ್ಲ.

ಈ ನಾಲ್ಕು ತಾಲ್ಲೂಕುಗಳಲ್ಲಿ ಜಮೀನು ಕೊಳ್ಳುವವರೂ ಮಾರುವವರೂ ಇಸಾರದ ಹಣ ಕೈ ಬದಲಾಗುವ ಮೊದಲು ವಂಶಾವಳಿ, ಹಿಂದಿನ ಹಕ್ಕು ಬದಲಾವಣೆಗಳ ಸರಣಿ, ಬೋಜಾ ಮತ್ತು ಋಣಭಾರದ ಪ್ರಮಾಣಪತ್ರ, ಸರ್ವೆ ನಂಬರಿನ ಭಾಗವನ್ನಷ್ಟೇ ಮಾರುವುದಾದರೆ 11ಇ ನಕ್ಷೆ, ಇವುಗಳ ಜೊತೆಗೆ ತನ್ನ ದಲಾಲಿ ಎಷ್ಟು ಮತ್ತು ಯಾರಿಂದ ಎಂಬುದನ್ನು ದಲಾಲನು ಬರೆದು ಕೊಡುವಂತೆ ಕೇಳಬೇಕು. ಬರೆದು ಕೊಡಲೊಪ್ಪದವನ ಮೂಲಕ ವ್ಯವಹಾರ ಮಾಡಬಾರದು.