ತಿರುಪಿಗಿಂತ ಮೊದಲು ಲಾಫ್ಟ್

ಬಿಕ್ಕೋಡು ಸುತ್ತಿನ ಕಾಫಿ ಬೆಳೆಗಾರರಿಗೆ ಬಿಡುವು ಎಂಬುದು ತೋಟ ಕೊಟ್ಟಾಗ ಮಾತ್ರ ಸಿಗುತ್ತದೆ. ನವೆಂಬರ್ ಹಿಡಿದು ಫೆಬ್ರವರಿವರೆಗೆ ಕೊಯ್ಲು, ಪಲ್ಪಿಂಗ್, ಕಣದಲ್ಲಿ ಒಣಗಿಸುವ ಕೆಲಸ. ಅದು ಮುಗಿಯುವಷ್ಟರಲ್ಲಿ ಹೂಮಳೆಯ ನಿರೀಕ್ಷೆ, ಬಾರದಿದ್ದರೆ ಸ್ಪ್ರಿಂಕ್ಲರ್ ಓಡಿಸುವ ತರಾತುರಿ. ಜೂನ್ ಬಂತೆಂದರೆ ಹಿಡಿದ ಮಳೆ. ಈ ಸಂದಿಯಲ್ಲಿ ಸಿಕ್ಕ ಭಾನುವಾರ ಬೇಲೂರು ದಾಟಿ ಚಿಕ್ಕಮಗಳೂರಿನ ಗಾಲ್ಫ್ ಕ್ಲಬ್ಬಿಗೋ, ಇನ್ನೂ ದೂರದ ಕೊಡಗಿನ ಬಿಟ್ಟಂಗಾಲಕ್ಕೋ ಹೋಗಿ ಆಡುವವರ ಹ್ಯಾಂಡಿಕ್ಯಾಪ್ ಇಪ್ಪತ್ತರ ಮೇಲೆಯೇ ನಿಂತಿದ್ದರೆ ಅದರಲ್ಲಿ ಅಚ್ಚರಿಯೇನಿಲ್ಲ. ಮೈದಾನಕ್ಕೆ ನಿಗದಿಯಾದ ಹೊಡೆತಗಳಿಗಿಂತ, ಅಂದರೆ ಪಾರ್‌ಗಿಂತ, ಒಬ್ಬ ಆಟಗಾರ ತನ್ನ ಒಳ್ಳೆಯ ದಿನ ಎಷ್ಟು ಹೆಚ್ಚು ತೆಗೆದುಕೊಳ್ಳಬಹುದು ಎಂಬ ಅಂದಾಜೇ ಹ್ಯಾಂಡಿಕ್ಯಾಪ್. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಅದನ್ನು 54ರವರೆಗೂ ಒಪ್ಪುತ್ತದೆ. ಇಂಥ ಆಟಗಾರ ಹೊಸ ಫೇರ್‌ವೇ ವುಡ್ ಕೊಳ್ಳಲು ಹೊರಟರೆ ಎದುರಾಗುವ ದೊಡ್ಡ ಆಕರ್ಷಣೆ ‘ಅಡ್ಜಸ್ಟೆಬಲ್’ ಎಂಬ ಮಾತು. ತಿರುಪು ಸಡಿಲಿಸಿ, ತಿರುಗಿಸಿ, ಮತ್ತೆ ಬಿಗಿದರೆ ಕ್ಲಬ್ಬಿನ ಸ್ವಭಾವವೇ ಬದಲಾಗುತ್ತದೆ ಎಂಬ ಭರವಸೆ. ಆ ಭರವಸೆ ಸುಳ್ಳಲ್ಲ. ಆದರೆ ಆಟಗಾರನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಗುಣ ಆ ತಿರುಪಿನಲ್ಲಿ ಇಲ್ಲ. ಅದು ಇರುವುದು ಲಾಫ್ಟಿನಲ್ಲಿ, ತಲೆಯ ಆಕಾರದಲ್ಲಿ, ತೂಕವನ್ನು ಎಲ್ಲಿ ಇಟ್ಟಿದ್ದಾರೆ ಎಂಬುದರಲ್ಲಿ.

ಫೇರ್‌ವೇ ವುಡ್ ಹೆಸರಿಗಷ್ಟೇ ಮರ. ಪರ್ಸಿಮನ್ ಮರದ ತಲೆಗಳ ಕಾಲದಲ್ಲಿ ಗ್ಯಾರಿ ಆಡಮ್ಸ್ 1979ರಲ್ಲಿ ಟೇಲರ್‌ಮೇಡ್ ಕಂಪನಿ ಕಟ್ಟಿ ಉಕ್ಕಿನ ತಲೆಯ ‘ವುಡ್’ ಮಾರಲು ಹೊರಟ ಮೇಲೆ ಮರ ಮೆಲ್ಲಗೆ ಮರೆಯಾಯಿತು. ಒಳಗೆ ಟೊಳ್ಳಾದ ಲೋಹದ ತಲೆಯಲ್ಲಿ ತೂಕವನ್ನು ಬೇಕಾದ ಕಡೆಗೆ ಸರಿಸಬಹುದು. ಇವತ್ತಿನ ಎಲ್ಲ ಅನುಕೂಲಗಳ ಮೂಲ ಅದು. ಡ್ರೈವರ್‌ಗೆ ಟೀ ಮೇಲೆ ಎತ್ತಿಟ್ಟ ಚೆಂಡು ಸಿಗುತ್ತದೆ, ಫೇರ್‌ವೇ ವುಡ್‌ಗೆ ಬಹುಪಾಲು ಸಿಗುವುದು ನೆಲಕ್ಕಂಟಿದ ಚೆಂಡು. ನಿಯಮದ ಪ್ರಕಾರ ಚೆಂಡಿನ ವ್ಯಾಸ ಕನಿಷ್ಠ 42.67 ಮಿಲಿಮೀಟರ್. ಅಂದರೆ ಅದರ ನಡುಮಟ್ಟ ನೆಲದಿಂದ ಸುಮಾರು 21 ಮಿ.ಮೀ. ಎತ್ತರದಲ್ಲಿದೆ, ಹಿಂದಕ್ಕೆ ಬಾಗಿದ ಕ್ಲಬ್ ಮುಖ ಅದಕ್ಕಿಂತಲೂ ಕೆಳಗೆ ತಾಗುತ್ತದೆ. ತಲೆಯ ಭಾರಕೇಂದ್ರ ಈ ಮಟ್ಟಕ್ಕಿಂತ ತೀರಾ ಮೇಲಿದ್ದರೆ ಚೆಂಡು ಏಳಲು ಒಲ್ಲೆ ಎನ್ನುತ್ತದೆ. ಹೆಚ್ಚು ಹ್ಯಾಂಡಿಕ್ಯಾಪಿನವರು ಹುಡುಕಬೇಕಾದದ್ದು ಗಿಡ್ಡ ಮುಖದ, ಅಗಲ ತಳದ, ತೂಕವೆಲ್ಲ ಕೆಳಗೆ ಮತ್ತು ಹಿಂದಕ್ಕೆ ಸರಿದ ತಲೆಯನ್ನು. ತೂಕ ಅಂಚುಗಳಿಗೆ ಸರಿದಷ್ಟೂ, ಚೆಂಡು ಮುಖದ ನಡುವೆ ತಾಗದೆ ತುದಿಗೋ ಬುಡಕ್ಕೋ ತಾಗಿದಾಗ ತಲೆ ಹೊರಳುವುದು ಕಡಿಮೆ. ಹೊಡೆತ ಹಾಳಾಗುತ್ತದೆ, ಆದರೆ ಪೂರ್ತಿ ಹಾಳಾಗುವುದಿಲ್ಲ. ಅಂಗಡಿಯಲ್ಲಿ ಎತ್ತರ ಮುಖದ ಕ್ಲಬ್ ಕೈಗೆ ಕೊಟ್ಟಾಗ ಅದು ಗಟ್ಟಿಮುಟ್ಟಾಗಿ, ನಂಬಿಕೆ ಹುಟ್ಟಿಸುವ ಹಾಗೆ ಕಾಣುತ್ತದೆ ಎಂಬುದೂ ನಿಜ. ಹುಲ್ಲಿನ ಮೇಲೆ ಆ ನಂಬಿಕೆ ಉಳಿಯುವುದಿಲ್ಲ.

ಆಕಾರಕ್ಕಿಂತಲೂ ಮುಖ್ಯವಾದದ್ದು ಲಾಫ್ಟ್, ಅಂದರೆ ಮುಖ ಹಿಂದಕ್ಕೆ ಬಾಗಿರುವ ಕೋನ. 3-ವುಡ್‌ಗೆ ಅದು ಸುಮಾರು 15 ಡಿಗ್ರಿ, 5-ವುಡ್‌ಗೆ 18ರಿಂದ 19, 7-ವುಡ್‌ಗೆ 21ರ ಆಸುಪಾಸು. ಸಂಖ್ಯೆ ಏರಿದಂತೆ ಶಾಫ್ಟ್ ಕೂಡ ಅರ್ಧರ್ಧ ಅಂಗುಲ ಗಿಡ್ಡವಾಗುತ್ತದೆ, ಗಿಡ್ಡ ಕೋಲಿನಿಂದ ಚೆಂಡನ್ನು ಮುಖದ ನಡುವಿಗೆ ತಾಗಿಸುವುದು ಸುಲಭ. 15 ಡಿಗ್ರಿಯ ಮುಖದಿಂದ ನೆಲದ ಚೆಂಡನ್ನು ಗಾಳಿಗೆ ಎತ್ತಿ, ಅಲ್ಲಿ ಹಿಡಿದು ನಿಲ್ಲಿಸಲು ಬೇಕಾದ ವೇಗ ವೃತ್ತಿಪರರ ಬಳಿ ಇದೆ, ತಿಂಗಳಿಗೊಮ್ಮೆ ಆಡುವವರ ಬಳಿ ಸಾಮಾನ್ಯವಾಗಿ ಇಲ್ಲ. ಅವರ 3-ವುಡ್ ಹೊಡೆತ ಮೊಣಕಾಲೆತ್ತರದಲ್ಲಿ ಹಾರಿ ಬೇಗ ಬೀಳುತ್ತದೆ. ಬೇಸಿಗೆಯ ಒಣ ನೆಲದಲ್ಲಿ ಅದು ಉರುಳಿಕೊಂಡಾದರೂ ಮುಂದೆ ಹೋದೀತು. ಮಲೆನಾಡಿನ ಮಳೆಗೆ ನೆನೆದ ಹುಲ್ಲಿನಲ್ಲಿ ಬಿದ್ದ ಚೆಂಡು ಬಿದ್ದಲ್ಲೇ ಕೂರುತ್ತದೆ. ಅಲ್ಲಿ ಗಾಳಿಯಲ್ಲಿ ಕ್ರಮಿಸಿದ್ದಷ್ಟೇ ದೂರ. ನಮ್ಮ ಸೀಮೆಗೆ ಹೆಚ್ಚಿನ ಲಾಫ್ಟ್ ಒಗ್ಗಲು ಇದೊಂದೇ ಕಾರಣ ಸಾಕು. ಇನ್ನೊಂದೂ ಇದೆ: ಬಲಗೈಯವರ ಚೆಂಡು ಬಲಕ್ಕೆ ಬಾಗಿ ಓಡುವ ಸ್ಲೈಸ್ ಎಂಬ ಕಾಯಿಲೆ. ಲಾಫ್ಟ್ ಹೆಚ್ಚಿದಂತೆ ಚೆಂಡಿನ ಹಿಂದುರುಳು ಹೆಚ್ಚುತ್ತದೆ, ಅದರ ಮುಂದೆ ಪಕ್ಕಕ್ಕೆ ಎಳೆಯುವ ಸುತ್ತು ಮಂಕಾಗುತ್ತದೆ, ಬಾಗು ತಗ್ಗುತ್ತದೆ.

ಇನ್ನು ತಿರುಪಿನ ವಿಚಾರ. ಶಾಫ್ಟ್ ತಲೆಗೆ ಸೇರುವ ಕುತ್ತಿಗೆಯಲ್ಲಿ ಒಂದು ತೋಳು ಇರುತ್ತದೆ. ಅದನ್ನು ತಿರುಗಿಸಿ ಕೂರಿಸಿದಾಗ ಶಾಫ್ಟ್ ತುಸು ಓರೆಯಾಗಿ ನಿಲ್ಲುವುದರಿಂದ ಲಾಫ್ಟ್ ಒಂದೂವರೆ-ಎರಡು ಡಿಗ್ರಿಯಷ್ಟು ಏರುತ್ತದೆ ಅಥವಾ ಇಳಿಯುತ್ತದೆ. ತೂಕದ ತಿರುಪುಗಳು ಮೊದಲೇ ಬಂದಿದ್ದವು, ಉಳಿದ ಬಗೆಯ ಹೊಂದಾಣಿಕೆಗಳಿಗೆ ನಿಯಮ ಬಾಗಿಲು ತೆರೆದದ್ದು 2008ರಲ್ಲಿ. ಕೊಳ್ಳುವವರು ಗಮನಿಸದ ಒಂದು ಸಂಗತಿಯೆಂದರೆ, ಕೆಲವು ಕಂಪನಿಗಳಲ್ಲಿ ಹೊಂದಿಸಬಹುದಾದ ಮಾದರಿಯೇ ಕಠಿಣ ಮಾದರಿ. 2022ರ ಟೇಲರ್‌ಮೇಡ್ ಸ್ಟೆಲ್ತ್ ಸರಣಿಯಲ್ಲಿ ತಿರುಪಿನ ಕುತ್ತಿಗೆ ಇದ್ದದ್ದು ನುರಿತವರಿಗಾಗಿ ಮಾಡಿದ ‘ಪ್ಲಸ್’ ಫೇರ್‌ವೇಗೆ. ಸಾಮಾನ್ಯ ಆಟಗಾರರಿಗೆ ಒಪ್ಪುವ ಸ್ಟೆಲ್ತ್‌ನ ಕುತ್ತಿಗೆ ಅಂಟಿಸಿದ್ದು. ಪಿಂಗ್ ಕಂಪನಿಯ ಜಿ430 ಸರಣಿಯಲ್ಲಿ ಹಾಗಿಲ್ಲ, ಅಲ್ಲಿ ಸುಲಭದ ‘ಮ್ಯಾಕ್ಸ್’ ಮಾದರಿಗೂ ಒಂದೂವರೆ ಡಿಗ್ರಿಯ ಹೊಂದಾಣಿಕೆ ಇದೆ. ಎರಡೂ ಗುಣ ಒಂದೇ ಕ್ಲಬ್ಬಿನಲ್ಲಿ ಸಿಗುತ್ತವೆ, ಆದರೆ ಒಂದು ಇದೆ ಎಂದು ಇನ್ನೊಂದನ್ನು ಊಹಿಸಿಕೊಳ್ಳುವಂತಿಲ್ಲ. ಅದೂ ಅಲ್ಲದೆ ತಿರುಪು ಕೋನ ಬದಲಿಸುತ್ತದೆಯೇ ಹೊರತು ಎತ್ತರ ಮುಖವನ್ನು ಗಿಡ್ಡ ಮಾಡುವುದಿಲ್ಲ, ಶಾಫ್ಟಿನ ಉದ್ದ ಕತ್ತರಿಸುವುದಿಲ್ಲ. ಸಿದ್ಧ ಅಂಗಿಯ ತೋಳನ್ನು ದರ್ಜಿ ಒಂದಿಂಚು ಮಡಿಸಿಕೊಟ್ಟಾನು, ಅಳತೆಯೇ ತಪ್ಪಿದ ಅಂಗಿಯನ್ನು ಮೈಗೆ ಕೂರಿಸಲಾರ. 15 ಡಿಗ್ರಿಯ 3-ವುಡ್ಡನ್ನು ಹದಿನಾರೂವರೆಗೆ ಏರಿಸಿದರೂ ಅದು 7-ವುಡ್ ಆಗುವುದಿಲ್ಲ.

ಲಾಫ್ಟ್ ಹೆಚ್ಚಾದರೆ ದೂರ ಕಡಿಮೆಯಾಗುತ್ತದಲ್ಲ ಎನ್ನುವವರಿದ್ದಾರೆ. ಸರಿಯಾಗಿ ತಾಗಿದ ಒಂದು 3-ವುಡ್ ಹೊಡೆತ ಸರಿಯಾಗಿ ತಾಗಿದ 7-ವುಡ್‌ಗಿಂತ ಮುಂದೆ ಹೋಗುತ್ತದೆ, ಅನುಮಾನವಿಲ್ಲ. ಆದರೆ ಲೆಕ್ಕ ಹಾಕಬೇಕಾದದ್ದು ಹತ್ತು ಹೊಡೆತಗಳ ಒಟ್ಟು ದೂರವನ್ನು, ಅತ್ಯುತ್ತಮವಾದ ಒಂದನ್ನಲ್ಲ. ವೇಗ ಕಡಿಮೆಯಿದ್ದವರಿಗೆ ಆ ಒಂದರಲ್ಲೂ ದೊಡ್ಡ ಅಂತರ ಕಾಣುವುದಿಲ್ಲ. 7-ವುಡ್ ವಯಸ್ಸಾದವರ ಕೋಲು ಎಂಬ ಬಿಗುಮಾನವೂ ಈ ಆಕ್ಷೇಪದ ಹಿಂದೆ ಅಡಗಿರುತ್ತದೆ. ದೂರ ಹೊಡೆಯುವುದರಲ್ಲಿ ಹೆಸರಾದ ಡಸ್ಟಿನ್ ಜಾನ್ಸನ್ 2020ರ ಮಾಸ್ಟರ್ಸ್ ಟೂರ್ನಿಯನ್ನು ಪಾರ್‌ಗಿಂತ 20 ಕಡಿಮೆ ಹೊಡೆತಗಳಲ್ಲಿ, ದಾಖಲೆ ಬರೆದು ಗೆದ್ದಾಗ ಅವರ ಚೀಲದಲ್ಲಿ 7-ವುಡ್ ಇತ್ತು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟ್‌ನಲ್ಲಿ, ನಾಲ್ಕನೆಯವರಾದರು. ಕಂಚಿಗೆ ಕಡಿಮೆಯಾದದ್ದು ಒಂದೇ ಹೊಡೆತ. ಡ್ರೈವ್ ದೂರದಲ್ಲಿ ಅವರು ಎದುರಾಳಿಗಳಿಗಿಂತ ಬಹಳ ಹಿಂದಿದ್ದರು. ಬೇರೆಯವರು ಗಿಡ್ಡ ಐರನ್ ಹಿಡಿಯುವ ಕಡೆ ಅವರು ಉದ್ದದ ಕ್ಲಬ್‌ಗಳಿಂದ ಗ್ರೀನ್ ಮುಟ್ಟಬೇಕಿತ್ತು, ಪಟರ್ ಅವರ ಕೈಬಿಡಲಿಲ್ಲ. ವೃತ್ತಿಪರರ ಉದಾಹರಣೆ ನಮಗೇಕೆ ಎಂದು ಕೇಳಬಹುದು. ಅವರ ಕೌಶಲ ನಮಗೆ ಬರುವುದಿಲ್ಲ, ನಿಜ. ದೂರದ ಹಂಬಲವಿಲ್ಲದೆ ಗೆರೆಯ ಮೇಲೆ ಆಡುವುದು ದೌರ್ಬಲ್ಯವಲ್ಲ ಎಂಬುದನ್ನಂತೂ ಅವರ ಆಟ ತೋರಿಸುತ್ತದೆ.

ವುಡ್ ಮತ್ತು ಐರನ್ ಎರಡರ ಗುಣ ಬೆರೆತ ಹೈಬ್ರಿಡ್ ಇರುವಾಗ ಫೇರ್‌ವೇ ವುಡ್ ಏಕೆ ಎಂಬುದು ಹೆಚ್ಚು ತೂಕದ ಪ್ರಶ್ನೆ. ಉದ್ದ ಹುಲ್ಲಿನಿಂದ ಚೆಂಡು ತೆಗೆಯಲು ಹೈಬ್ರಿಡ್ ಮೇಲು. ನಯವಾದ ಹುಲ್ಲಿನಲ್ಲಿ ಅದೇ ಲಾಫ್ಟಿನ 7-ವುಡ್ ಚೆಂಡನ್ನು ಇನ್ನೂ ಎತ್ತರಕ್ಕೆ ಕಳಿಸಿ ಮೆತ್ತಗೆ ಇಳಿಸುತ್ತದೆ. ನಿಯಮ ಹದಿನಾಲ್ಕು ಕ್ಲಬ್ ಒಪ್ಪುವುದರಿಂದ ಎರಡನ್ನೂ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಹೊರಗೆ ಹೋಗಬೇಕಾದದ್ದು 3-ವುಡ್.

ಹಾಗಾದರೆ ತಿರುಪು ವ್ಯರ್ಥವೇ? 5 ಅಥವಾ 7-ವುಡ್ ಆರಿಸಿಕೊಂಡ ಮೇಲೆ ಅದು ಉಪಯೋಗಕ್ಕೆ ಬರುತ್ತದೆ. ಲಾಫ್ಟ್ ಏರಿಸಿದಾಗ, ನೆಲಕ್ಕಿಟ್ಟ ಕ್ಲಬ್ಬಿನ ಮುಖ ತುಸು ಎಡಕ್ಕೆ ಮುಚ್ಚಿಕೊಳ್ಳುತ್ತದೆ, ಇಳಿಸಿದರೆ ಬಲಕ್ಕೆ ತೆರೆಯುತ್ತದೆ. ಸ್ಲೈಸ್ ಮಾಡುವವರಿಗೆ ಏರಿಸುವುದರಿಂದ ಎರಡು ಲಾಭ. ಅಭ್ಯಾಸದ ಜಾಗದಲ್ಲಿ, ಸಾಧ್ಯವಾದರೆ ತರಬೇತುದಾರರ ಎದುರು, ಒಂದೊಂದೇ ಗುರುತಿಗೆ ಇಟ್ಟು ಹಲವು ಚೆಂಡು ಹೊಡೆದು ನೋಡಿ, ಒಪ್ಪಿದ ಗುರುತಿಗೆ ಬಿಗಿದು ಬಿಟ್ಟುಬಿಡಬೇಕು. ಪ್ರತಿ ಕೆಟ್ಟ ಹೊಡೆತಕ್ಕೂ ತಿರುಪು ತಿರುಗಿಸುವ ಕೀಲಿ ಹುಡುಕುವವರು ತಮ್ಮ ಸ್ವಿಂಗ್‌ನ ತಪ್ಪನ್ನು ಕ್ಲಬ್ಬಿನ ಲೆಕ್ಕಕ್ಕೆ ಬರೆಯುತ್ತಾ ಹೋಗುತ್ತಾರೆ. ಆಟದ ನಡುವೆ ಬೇಕೆಂದೇ ಹೊಂದಾಣಿಕೆ ಬದಲಿಸಿ ಆ ಕ್ಲಬ್ಬಿನಿಂದ ಹೊಡೆದರೆ ಶಿಕ್ಷೆ ಅನರ್ಹತೆ. ಹೊಡೆಯುವ ಮೊದಲೇ ಮೊದಲಿನ ಗುರುತಿಗೆ ತಂದರೆ ದಂಡವಿಲ್ಲ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ತಲೆಯ ಜೊತೆ ಅದರ ಕೀಲಿಯನ್ನೂ ಕೇಳಿ ಪಡೆಯಬೇಕು. ಶಾಫ್ಟ್ ಬದಲಿಸುವ ಯೋಚನೆಯಿದ್ದರೆ ಕುತ್ತಿಗೆಯ ತೋಳು ಅದೇ ಕಂಪನಿಯದೇ ಎಂದು ನೋಡಿಕೊಳ್ಳಬೇಕು. ಒಂದು ಕಂಪನಿಯ ತೋಳು ಇನ್ನೊಂದರ ತಲೆಗೆ ಕೂರುವುದಿಲ್ಲ.